ಒಂದು ಗುಟುಕು ಮರ್ಯಾದೆ

ಸೆಪ್ಟೆಂಬರ್ 3

ಹೆದರಿಕೆಯಾಗುತ್ತಿದೆ. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾರ್ಗಿಲಾನ್ ಪೇಟೆಯಲ್ಲಿ ತೊಟ್ಟಿಲು ಮಾಡುವ ಕುಶಲಕರ್ಮಿ, ಉಸ್ತಾ ಹೋಶಿಮ್, ಐವತ್ತು ದಾಟಿದ ಗಂಡಸು, ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾನೆ ಅಂತ ಗೊತ್ತಾದರೆ ಪೇಟೆಯವರಿಗೆ ಒಂದು ವಾರದ ನಗು. ಸೂಜಿಯೇನು ಸಣ್ಣದಲ್ಲ, ಗೋಣಿ ಹೊಲಿಯುವ ದಬ್ಬಳದ ಹಾಗಿದೆ. ಅಂಥವು ಎರಡು. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಯಂತ್ರ ಅದನ್ನು ತೊಳೆಯುತ್ತದೆ, ಇನ್ನೊಂದರಿಂದ ಒಳಗೆ ಬರುತ್ತದೆ. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ. ವರ್ಷಗಟ್ಟಲೆ ಬಿಪಿಯನ್ನು ಅಲಕ್ಷ್ಯ ಮಾಡಿದ್ದರ ಫಲ ಅಂತ ಡಾಕ್ಟರು ಹೇಳಿದರು. ಇನ್ನು ವಾರಕ್ಕೆ ಮೂರು ಸಲ ಈ ಡಯಾಲಿಸಿಸ್. ಎಷ್ಟು ದಿನ ಅಂತ ಕೇಳಿದೆ. ಡಾಕ್ಟರು ಕಿಟಕಿಯ ಕಡೆ ನೋಡಿದರು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು, ಮುಕದ್ದಸ್ ಅಕ್ಕ ಅಂತ ಎಲ್ಲರೂ ಕರೆಯುತ್ತಾರೆ. ರೇಷ್ಮೆ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವಳು, ಈ ಯಂತ್ರಕ್ಕೆ ಬಂದು ಎಂಟು ವರ್ಷವಾಯಿತಂತೆ. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ.

"ಏನ್ ಉಸ್ತಾ, ಹೊಸಬ್ರಾ?" ಅಂದಳು.

"ನಾನು ಉಸ್ತಾ ಅಂತ ಹೇಗೆ ಗೊತ್ತಾಯ್ತು?"

"ಉಗುರಲ್ಲಿ ಬಣ್ಣ ಇದೆಯಲ್ಲ. ಅದಿರಲಿ, ಉಸಿರು ಬಿಡಿ. ಹೆಣದ ಮುಖ ಹಾಕ್ಕೊಂಡು ಕೂತ್ರೆ ಯಂತ್ರಕ್ಕೂ ಬೇಜಾರಾಗತ್ತೆ."

ಎದುರು ಕುರ್ಚಿಯವನು ಗನಿಜಾನ್, ಬಸ್ ಡ್ರೈವರ್ ಆಗಿದ್ದವನು. ಅವನು ಗಹಗಹಿಸಿ ನಕ್ಕ. ರಕ್ತ ಕೊಳವೆಯಲ್ಲಿ ಓಡುತ್ತಿರುವಾಗ ನಗುವ ಜನ! ಇವರ ಸಹವಾಸ ಬೇಡ ಅನಿಸಿತು.

ಹೆಂಡತಿ ಸಲ್ತನತ್‌ಗೆ, ಮಗಳು ರೋಬಿಯಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪೇಟೆಯಲ್ಲಿ ಕೇಳಿದವರಿಗೆ ಮರ ತರಲು ಫರ್ಗಾನಾಕ್ಕೆ ಹೋಗುತ್ತೇನೆ ಅಂದಿದ್ದೇನೆ. ಗೊತ್ತಾಗಲೂ ಕೂಡದು. ರೋಬಿಯಾಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಿದೆ. ರೊಟ್ಟಿ ಮುರಿದು ನಿಶ್ಚಯ ಮಾಡುವ ಶಾಸ್ತ್ರ ಇನ್ನೂ ಆಗಿಲ್ಲ. ಈ ಕಾಯಿಲೆ ರಕ್ತದಲ್ಲೇ ಇರುತ್ತದೆ, ಮಕ್ಕಳಿಗೂ ಬರುತ್ತದೆ ಅಂತ ಜನ ನಂಬಿದ್ದಾರೆ. ನಮ್ಮ ಬೀದಿಯ ನಾದಿರಾಳ ಸಂಬಂಧ, ಅವಳ ತಾಯಿಗೆ ಕ್ಷಯ ಅಂತ ಗೊತ್ತಾದ ವಾರವೇ ಮುರಿದು ಬಿತ್ತು. ಆ ಹುಡುಗಿ ಇನ್ನೂ ಮನೆಯಲ್ಲೇ ಇದ್ದಾಳೆ.

ಸೆಪ್ಟೆಂಬರ್ 6

ಬಾಯಾರಿಕೆ. ಹಸಿವನ್ನಾದರೂ ಗದರಿಸಿ ಕೂರಿಸಬಹುದು, ಬಾಯಾರಿಕೆಗೆ ನಾಚಿಕೆ ಇಲ್ಲ. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ದಿನಕ್ಕೆ ಇಷ್ಟೇ ಅಂತ ಡಾಕ್ಟರು ಬಾಟಲಿಯ ಮೇಲೆ ಗೆರೆ ಎಳೆದು ಕೊಟ್ಟಿದ್ದಾರೆ. ಗೆರೆ ಎಳೆದವರು ಬೆಳಗಿನ ಚಹಾ ಮುಗಿಸಿಯೇ ಬಂದಿರುತ್ತಾರೆ.

"ದ್ರಾಕ್ಷಿ ತೊಳೆದು ಫ್ರಿಜ್‌ನಲ್ಲಿ ಮಂಜುಗಟ್ಟಿಸಿ," ಅಂದಳು ಮುಕದ್ದಸ್ ಅಕ್ಕ. "ಒಂದೊಂದೇ ಬಾಯಲ್ಲಿಟ್ಟು ಕರಗಿಸಬೇಕು. ಅದನ್ನೂ ಗೊಂಚಲು ಗೊಂಚಲು ತಿಂದ್ಬಿಡ್ಬೇಡಿ ಮತ್ತೆ. ಪುದೀನ ಹಾಕಿದ ತಣ್ಣೀರಲ್ಲಿ ಬಾಯಿ ಮುಕ್ಕಳಿಸಿ ಉಗೀರಿ. ಉಪ್ಪು ಬಿಡಿ. ಉಪ್ಪು ಬಿಟ್ರೆ ಅರ್ಧ ಬಾಯಾರಿಕೆ ತಾನೇ ಹೋಗತ್ತೆ."

"ಉಪ್ಪಿಲ್ಲದ ಪಲಾವ್ ಯಾರು ತಿಂತಾರೆ?"

"ನಾನು ತಿಂತೀನಿ. ಮೊದಲ ತಿಂಗಳು ಅತ್ತುಕೊಂಡು ತಿಂದೆ, ಈಗ ಸುಮ್ನೆ ತಿಂತೀನಿ."

ಗನಿಜಾನ್‌ನದು ಬೇರೆ ಪಾಠ. ನನ್ನ ಎಡಗೈಯಲ್ಲಿ ಮೊದಲೇ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿದ್ದಾರೆ, ಸೂಜಿ ಚುಚ್ಚುವುದು ಅಲ್ಲೇ. ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಗುರ್‌ಗುಟ್ಟಿದ ಹಾಗೆ ಒಳಗೆ ಅದುರುತ್ತದೆ. ಎದ್ದ ತಕ್ಷಣ ಮುಟ್ಟಿ ನೋಡಬೇಕಂತೆ. ಗುರ್‌ಗುಟ್ಟುವುದು ನಿಂತರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕಂತೆ. "ಆ ಕೈ ಮೇಲೆ ಮಲಗಬೇಡಿ, ಭಾರ ಎತ್ತಬೇಡಿ, ಗಡಿಯಾರ ಕಟ್ಟಬೇಡಿ. ಹೊಸ ಹೆಂಡ್ತೀನ ನೋಡ್ಕೊಂಡ ಹಾಗೆ ನೋಡ್ಕೊಳ್ಳಿ."

"ಹಳೇ ಹೆಂಡ್ತೀನ ನೋಡ್ಕೊಂಡಿದ್ರೆ ಇವನಿಗೆ ಬಿಪಿನೇ ಬರ್ತಿರಲಿಲ್ಲ," ಅಂದಳು ಅಕ್ಕ.

ಸೆಪ್ಟೆಂಬರ್ 9

ಬೆಳಿಗ್ಗೆ ಮುಟ್ಟಿದೆ. ಗುರ್‌ಗುಟ್ಟಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಓಡಿದೆ. ಆಮೇಲೆ ನೋಡಿದರೆ ಬಲಗೈ ಮುಟ್ಟುತ್ತಿದ್ದೆ.

ಇಡೀ ದಿನ ತೊಟ್ಟಿಲಿಗೆ ಬಣ್ಣ ಹಚ್ಚಲಾಗಲಿಲ್ಲ.

ಸೆಪ್ಟೆಂಬರ್ 14

ಹುಡುಗ, ಹುಡುಗಿ ಇಬ್ಬರನ್ನೂ ಪದ್ಧತಿಯ ಪ್ರಕಾರ ಪಾರ್ಕಿನ ಚಹಾ ತೋಟಕ್ಕೆ ಮಾತಾಡಲು ಕಳಿಸಿದೆವು. ಹುಡುಗನ ಅತ್ತೆ ಒಬ್ಬಳು ದೂರದ ಮೇಜಿನಲ್ಲಿ ಕಾವಲು. ಹುಡುಗ ತೋಹಿರ್, ರಿಶ್ತಾನ್‌ನ ಪಿಂಗಾಣಿ ವ್ಯಾಪಾರಿ ಕೋಬಿಲ್ ಹಾಜಿಯ ಮಗ. ತಟ್ಟೆಗಳ ಮೇಲೆ ಚಿತ್ರ ಬರೆಯುತ್ತಾನೆ. ತಟ್ಟೆ ಸುಡುವ ಆವಿಗೆಯ ಬೆಂಕಿಯ ಹತ್ತಿರ ಮಾತ್ರ ಹೋಗುವುದಿಲ್ಲವಂತೆ. ನಾಜೂಕಿನ ಹುಡುಗ ಇರಬೇಕು.

ರೋಬಿಯಾ ಬಂದವಳು ನೇರ ಅಡುಗೆಮನೆಗೆ ಹೋದಳು.

"ಹೇಗಿದ್ದಾನೆ?" ಅಂದೆ.

"ಮಾತಾಡ್ತಾನೆ ದಾದಾ." ಅಪ್ಪನನ್ನು ನಮ್ಮಲ್ಲಿ ಹಾಗೇ ಕರೆಯುವುದು.

"ಏನ್ ಮಾತಾಡ್ದ?"

"ಎಲ್ಲಾನೂ," ಅಂದು ಬಟ್ಟಲು ತೊಳೆಯತೊಡಗಿದಳು. ಮುಖದಲ್ಲಿ ನಗು ಇತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳಿಗೆ ಇಷ್ಟವಿಲ್ಲ ಅಂದಿದ್ದರೆ ಮುರಿದುಹೋಗುವ ಭಯವೂ ಇರುತ್ತಿರಲಿಲ್ಲ.

ನಾಳೆ ಬೀಗರ ಮನೆಗೆ ಊಟಕ್ಕೆ ಕರೆದಿದ್ದಾರೆ.

ಸೆಪ್ಟೆಂಬರ್ 15

ನನ್ನಂಥ ಹೇಡಿ ಈ ಫರ್ಗಾನಾ ಕಣಿವೆಯಲ್ಲೇ ಇನ್ನೊಬ್ಬನಿಲ್ಲ.

ಹಾಜಿ ತಾನೇ ಕೆಟಲ್ ಹಿಡಿದು ಕೂತ. ನಮ್ಮಲ್ಲಿ ಅತಿಥಿಗೆ ಪಿಯಾಲೆಯ, ಅಂದರೆ ಹಿಡಿಯಿಲ್ಲದ ಚಹಾ ಬಟ್ಟಲಿನ, ತಳ ಮುಚ್ಚುವಷ್ಟು ಮಾತ್ರ ಚಹಾ ಹಾಕುತ್ತಾರೆ. ಎಷ್ಟು ಕಡಿಮೆ ಹಾಕಿದರೆ ಅಷ್ಟು ಮರ್ಯಾದೆ. ಮತ್ತೆ ಮತ್ತೆ ನಿಮಗೆ ಬಡಿಸುವ ಆಸೆ ನಮಗಿದೆ, ಏಳಬೇಡಿ ಅಂತ ಅದರ ಅರ್ಥ. ಹಾಜಿಗೆ ನನ್ನ ಮೇಲೆ ಅಪಾರ ಗೌರವ. ಒಂದೊಂದು ಗುಟುಕೇ ಹಾಕಿದ. ಕುಡಿದು ಕೆಳಗಿಟ್ಟರೆ ಮತ್ತೆ ಒಂದು ಗುಟುಕು. ಒಂದೇ ಗುಟುಕಲ್ಲವಾ ಅಂದುಕೊಂಡೆ. ಸಲ್ತನತ್ ಹೆಂಗಸರ ಕೋಣೆಯಲ್ಲಿದ್ದಳು, ಕಣ್ಣು ಬಿಟ್ಟು ಹೆದರಿಸುವವರು ಯಾರೂ ಇರಲಿಲ್ಲ. ಪಲಾವಿನಲ್ಲಿ ಉಪ್ಪೂ ಧಾರಾಳವಾಗಿತ್ತು, ಗಂಟಲು ಕೇಳುತ್ತಲೇ ಇತ್ತು. ಕರಬೂಜ ಬಂತು. ಮತ್ತೆ ಚಹಾ.

"ನಮ್ಮನೆ ಚಹಾ ಹಿಡಿಸ್ತು ಅಂತ ಕಾಣತ್ತೆ ಬೀಗರೇ!"

"ಅಮೃತ ಹಾಜಿ ಸಾಹೇಬ್ರೇ," ಅಂದೆ.

ಹನಿಹನಿಗೂಡಿದರೆ ಹಳ್ಳ. ಈಗ ಕಾಲು ಒತ್ತಿದರೆ ಬೆರಳು ಒಳಗೆ ಹೋಗುತ್ತದೆ.

ಸೆಪ್ಟೆಂಬರ್ 16

ಮಲಗಿದರೆ ಮುಳುಗಿದ ಹಾಗೆ. ಕೂತೇ ಬರೆಯುತ್ತಿದ್ದೇನೆ. ಸಲ್ತನತ್ ಗಾಡಿ ಕರೆಯಲು ಹೋಗಿದ್ದಾಳೆ. ಬೆಳಕು ಹರಿಯುತ್ತಿದೆ. ಯಾ ಅಲ್ಲಾ, ರೊಟ್ಟಿ ಮುರಿಯುವವರೆಗಾದರೂ

ಸೆಪ್ಟೆಂಬರ್ 19

ಬದುಕಿದ್ದೇನೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ, ನನ್ನದು ಮುಂದಿನ ಆಮಂತ್ರಣದವರೆಗೆ.

ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಹೋದ ಕೂಡಲೇ ಯಂತ್ರಕ್ಕೆ ಹಾಕಿ ಇಳಿಸಿದರು. ಡಾಕ್ಟರು ಬೈದದ್ದು ನೆನಪಿಲ್ಲ, ಮುಕದ್ದಸ್ ಅಕ್ಕ ಬೈದದ್ದು ನೆನಪಿದೆ.

"ಎಲ್ಲಿ ಕುಡಿದ್ರಿ?"

"ಬೀಗರ ಮನೇಲಿ. ಒಂದೊಂದೇ ಗುಟುಕು ಅಕ್ಕ, ನಿಜವಾಗ್ಲೂ."

"ಚಹಾ ಅಲ್ಲ, ಮರ್ಯಾದೆ ಕುಡಿದು ಬಂದಿದ್ದೀರಿ. ನೀವು ಕೂತಿರೋ ಕುರ್ಚೀಲಿ ನಿಮಗಿಂತ ಮುಂಚೆ ಶಮ್ಸಿದ್ದೀನ್ ಮಾಸ್ತರು ಕೂರ್ತಿದ್ರು. ಮೊಮ್ಮಗನ ಮುಂಜಿ ಔತಣದಲ್ಲಿ ಹೀಗೇ ಗುಟುಕು ಗುಟುಕು ಕುಡಿದು ಹೋದ್ರು. ನಮ್ಮ ಜನ ಎಲ್ಲಾ ಲೆಕ್ಕ ಇಡ್ತಾರೆ, ಗುಟುಕಿನ ಲೆಕ್ಕ ಇಡಲ್ಲ."

ಕುರ್ಚಿಯ ಕೈ ಹಿಡಿದುಕೊಂಡಿದ್ದೆ, ಬಿಟ್ಟೆ.

"ಮತ್ತೇನು ಮಾಡೋದು? ಬೇಡ ಅಂದ್ರೆ ಯಾಕೆ ಅಂತಾರೆ."

"ಪಿಯಾಲೆ ತುಂಬಾ ಹಾಕಿ ಅನ್ನಿ. ಒಂದೇ ಸಲ. ಅದನ್ನೇ ಹಿಡ್ಕೊಂಡು ಔತಣ ಮುಗಿಯೋವರೆಗೂ ತುಟಿಗೆ ತಾಗಿಸ್ತಾ ಕೂತಿರಿ. ನಾನು ಎಂಟು ವರ್ಷದಿಂದ ಹಾಗೇ ಮಾಡ್ತಿದ್ದೀನಿ."

ಹೇಳುವುದು ಸುಲಭ. ಪಿಯಾಲೆ ತುಂಬಿಸಿ ಕೊಡುವುದು ಎದ್ದು ಹೊರಡಿ ಅನ್ನುವುದಕ್ಕೆ. ಅತಿಥಿಯೇ ತುಂಬಿಸಿ ಅಂದರೆ? ನಿಮ್ಮ ಮನೆಯ ಸಹವಾಸ ಸಾಕು, ಕಳಿಸಿಕೊಡಿ ಅಂದ ಹಾಗೆ. ಸಂಬಂಧ ಮಾತಾಡಲು ಹೋದವನು ಅದನ್ನು ಅನ್ನುತ್ತಾನೆಯೇ? ಯಾಕೆ ಅಂತ ಕಾರಣ ಹೇಳಿದರೆ ಸಂಬಂಧ ಹೋಗುತ್ತದೆ, ಹೇಳದೆ ಕುಡಿದರೆ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಸೆಪ್ಟೆಂಬರ್ 28

ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪೊಟ್ಯಾಸಿಯಂ ಇಳಿಯಲಿ ಅಂತ ಆಲೂಗಡ್ಡೆಯನ್ನು ಹೆಚ್ಚಿ ನೀರಲ್ಲಿ ನೆನೆಸಿಟ್ಟು, ಆ ನೀರು ಚೆಲ್ಲಿ ಬೇಯಿಸಬೇಕು ಅಂತ ಗನಿಜಾನ್ ಹೇಳಿದ. ಸಲ್ತನತ್ ಹಾಗೇ ಮಾಡುತ್ತಾಳೆ. ಒಣ ಜರ್ದಾಳು ಹಣ್ಣನ್ನು ಮನೆಯಿಂದಲೇ ಓಡಿಸಿದ್ದಾಳೆ. ಅದರಲ್ಲಿರುವ ಪೊಟ್ಯಾಸಿಯಂ ನಮ್ಮಂಥವರ ಹೃದಯವನ್ನೇ ನಿಲ್ಲಿಸಬಹುದಂತೆ, ಈ ಕಣಿವೆಯಲ್ಲಿ ಹುಟ್ಟಿ ಜರ್ದಾಳಿಗೆ ಹೆದರುವ ಕಾಲ ಬಂತು. ನರ್ಸ್ ಲೋಲಾಳನ್ನು ಕೇಳಿಕೊಂಡು ಯಂತ್ರಕ್ಕೆ ಕೂತ ಮೊದಲ ಗಂಟೆಯಲ್ಲಿ, ತಿಂದದ್ದನ್ನು ಯಂತ್ರವೇ ತೊಳೆದುಬಿಡುತ್ತದೆ ಅಂತ, ಎಲ್ಲರೂ ಒಂದೊಂದು ತೆಳು ಹೋಳು ಕರಬೂಜ ತಿಂದೆವು. ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದೆವು.

ಸೂಜಿ ಹಾಕಿದ ಕೈ ಅಲ್ಲಾಡದೆ ಇರಲೆಂದು ತೊಟ್ಟಿಲ ಮರದ ತುಂಡಿನಲ್ಲಿ ಒಂದು ಹಲಗೆ ಮಾಡಿ, ಮೇಲೆ ಹತ್ತಿ ಮೆತ್ತೆ ಹೊಲಿಸಿದೆ. ಅಕ್ಕ ನೋಡಿ "ನನಗೆಲ್ಲಿ?" ಅಂದಳು. ಅವಳಿಗೂ ಮಾಡಿದೆ. ಗನಿಜಾನ್ ಮುನಿಸಿಕೊಂಡ. ಈಗ ಎಲ್ಲ ಕುರ್ಚಿಗೂ ಇದೆ. ಹಲಗೆಯ ಅಂಚಿಗೆ ಬಣ್ಣದ ಹೂವು ಯಾಕೆ ಬರೆದೆನೋ ಗೊತ್ತಿಲ್ಲ, ಕೈ ಅಭ್ಯಾಸ.

ಬೀಗರು ಮುಂದಿನ ತಿಂಗಳು ರೊಟ್ಟಿ ಮುರಿಯುವ ಶಾಸ್ತ್ರ ಮಾಡೋಣ ಅಂದಿದ್ದಾರೆ. ರೊಟ್ಟಿ ಮುರಿದರೆ ಮಾತು ಮುರಿಯುವ ಹಾಗಿಲ್ಲ. ಅದಕ್ಕೆ ಮುಂಚೆ ಇನ್ನೊಂದು ಸಲ ಅವರ ಮನೆಗೆ ಹೋಗಬೇಕು.

ಅಕ್ಟೋಬರ್ 7

ಮುಕದ್ದಸ್ ಅಕ್ಕನ ಕುರ್ಚಿ ಖಾಲಿ. ಯಾರೂ ಆ ಕಡೆ ನೋಡಲಿಲ್ಲ. ಗನಿಜಾನ್ ಒಂದೂ ನಗೆಮಾತು ಆಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹಲಗೆಯ ಮೇಲಿನ ಹೂವು ಸಮಾಧಿಗೆ ಇಟ್ಟ ಹಾಗೆ ಕಂಡಿತು.

ಅಕ್ಟೋಬರ್ 9

ಬಂದಳು! ಕತ್ತಿನಲ್ಲಿ ಕೊಳವೆ. ಕೈಯಲ್ಲಿ ಗುರ್‌ಗುಟ್ಟುವುದು ನಿಂತುಹೋಗಿತ್ತಂತೆ, ಬೆಳಿಗ್ಗೆ ಮುಟ್ಟಿ ನೋಡಿ ಹಾಗೇ ಆಸ್ಪತ್ರೆಗೆ ಓಡಿದಳಂತೆ. ಉಪ್ಪು ಮುಟ್ಟದವಳು, ಗಡಿಯಾರ ಕಟ್ಟದವಳು, ಅವಳಿಗೂ ಹೀಗೆ.

"ಎಲ್ಲಾ ಸರಿ ಮಾಡಿದ್ರೂ ಆಗತ್ತಾ ಅಕ್ಕ?"

"ಆಗತ್ತೆ."

"ಮತ್ತೆ ಮಾಡಿ ಏನು ಬಂತು?"

"ಎಂಟು ವರ್ಷ ಬಂತು," ಅಂದಳು. ಆಮೇಲೆ ಮೆತ್ತಗೆ, "ಆಪರೇಷನ್ ಕೋಣೇಲಿ ನಾನೂ ಅಮ್ಮಾ ಅಂತ ಕಿರುಚಿದೆ ಉಸ್ತಾ. ಇವರಿಗೆ ಹೇಳ್ಬೇಡಿ."

ಅವಳೂ ಹೆದರುತ್ತಾಳೆ ಅಂತ ತಿಳಿದು ಸಮಾಧಾನ ಆಗಬೇಕಿತ್ತೋ ಕಳವಳ ಆಗಬೇಕಿತ್ತೋ, ಎರಡೂ ಆಯಿತು.

ಅಕ್ಟೋಬರ್ 13

ಸಾವಕಾಶವಾಗಿ ಬರೆಯಬೇಕು, ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ಹಾಜಿ ಮತ್ತೆ ಕೆಟಲ್ ಹಿಡಿದು ಕೂತ. ಮಗ ತೋಹಿರ್ ಪಕ್ಕದಲ್ಲಿದ್ದ. ಹಾಜಿಯ ಹೆಂಡತಿ ಹುರಿಯತ್ ಬಾಗಿಲ ಹತ್ತಿರ, ಸಲ್ತನತ್ ಅವಳ ಪಕ್ಕ. ಮೊದಲ ಗುಟುಕು ಕುಡಿದೆ. ಎರಡನೆಯದೂ ಕುಡಿದೆ. ಮೂರನೆಯದು ಬಂದಾಗ ಆ ದಿನದ ಮುಳುಗಾಟ ನೆನಪಾಯಿತು. ಎದೆಯಲ್ಲಿ ನೀರು ಇರಲಿಲ್ಲ, ಹೆದರಿಕೆಯೇ ನೀರಿನ ಹಾಗೆ ಏರಿತು. ಬಾಯಿಂದ ಮಾತು ತಾನಾಗಿ ಬಿತ್ತು:

"ಹಾಜಿ ಸಾಹೇಬ್ರೇ, ಪಿಯಾಲೆ ತುಂಬಾ ಹಾಕ್ಬಿಡಿ."

ಹಾಜಿಯ ಕೈ ಗಾಳಿಯಲ್ಲೇ ನಿಂತಿತು. ಮುಖ ಬಿಳುಚಿಕೊಂಡಿತು. ಈಗ ಕಾರಣ ಹೇಳಬೇಕು ಅಂತ ನಾನು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಹುರಿಯತ್ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

"ಯಾರು ಹೇಳಿದ್ರು ನಿಮಗೆ? ಎರಡು ವರ್ಷದಿಂದ ಬಂದಿಲ್ಲ ಬೀಗರೇ! ಮಾತ್ರೆ ತಪ್ಪಿಸಲ್ಲ ಅವನು. ಮದುವೆ ಆದ್ಮೇಲೆ ನಾವೇ ಹೇಳ್ತಿದ್ವಿ..."

"ಸುಮ್ನಿರೇ!" ಅಂದ ಹಾಜಿ.

ಆದರೆ ಮಾತು ಹೊರಬಿದ್ದಾಗಿತ್ತು. ತೋಹಿರ್ ತಲೆ ಎತ್ತಿ ನನ್ನ ಕಡೆ ನೋಡಿ, "ನಂಗೆ ಮೂರ್ಛೆರೋಗ ಇದೆ. ಸಣ್ಣವನಿದ್ದಾಗಿಂದ," ಅಂದ. ಚೂರೂ ಬಾಡದ ಮುಖ. ಅವನು ಆವಿಗೆಯ ಹತ್ತಿರ ಯಾಕೆ ಹೋಗುವುದಿಲ್ಲ ಅಂತ ಆಗ ಹೊಳೆಯಿತು.

ನಾನು ಎದ್ದೆ. "ಹೆಣ್ಣು ಕೇಳೋವಾಗ ಇದನ್ನ ಮುಚ್ಚಿಡಬಾರದಿತ್ತು ಹಾಜಿ ಸಾಹೇಬ್ರೇ," ಅಂದೆ. ಹೌದು, ನಾನೇ ಅಂದೆ, ಪೂರ್ತಿ ತೋಳಿನ ಅಂಗಿ ಮಣಿಕಟ್ಟಿನವರೆಗೆ ಎಳೆದುಕೊಂಡು. ಹಾಜಿ ತಲೆ ತಗ್ಗಿಸಿ ಬಾಗಿಲವರೆಗೂ ಬಂದ. ನನ್ನ ಚಪ್ಪಲಿಯನ್ನು, ಅತಿಥಿಗೆ ಮೆಟ್ಟಲು ಸುಲಭವಾಗಲೆಂದು, ತಾನೇ ತಿರುಗಿಸಿ ಇಟ್ಟ.

ಎಂಥ ಮೋಸ! ಒಬ್ಬಳೇ ಮಗಳು. ಸದ್ಯ, ರೊಟ್ಟಿ ಮುರಿಯುವ ಮುಂಚೆ ಗೊತ್ತಾಯಿತು. ದಾರಿಯುದ್ದಕ್ಕೂ ಸಲ್ತನತ್ ಒಂದೂ ಮಾತಾಡಲಿಲ್ಲ. ಅವಳಿಗೂ ಆಘಾತ ಆಗಿರಬೇಕು.

ಅಕ್ಟೋಬರ್ 14

ಆಘಾತ ಅಲ್ಲವಂತೆ, ನಾಚಿಕೆಯಂತೆ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಹೇಳಿದಳು. ಯಾರ ಬಗ್ಗೆ ಅಂತ ಕೇಳಲಿಲ್ಲ.

ರೋಬಿಯಾಳನ್ನು ಕರೆದು ಕೂರಿಸಿ, ಆದಷ್ಟು ಮೆತ್ತಗೆ ವಿಷಯ ಹೇಳಿದೆ. ಅವಳು ಕೇಳಿಸಿಕೊಂಡು "ಗೊತ್ತು ದಾದಾ," ಅಂದಳು.

"ಗೊತ್ತಾ? ಯಾವಾಗಿಂದ?"

"ಮೊದಲನೇ ದಿನದಿಂದ. ಪಾರ್ಕಲ್ಲಿ ಕೂತ ತಕ್ಷಣ ಅದನ್ನೇ ಹೇಳಿದ. ಇದು ಕೇಳಿ ಎದ್ದು ಹೋಗೋದಾದ್ರೆ ಈಗ್ಲೇ ಹೋಗು, ಐಸ್‌ಕ್ರೀಂ ದುಡ್ಡು ಉಳಿಯತ್ತೆ ಅಂದ."

"ನೀನೇನಂದೆ?"

"ನಿಮ್ಮ ವಿಷಯ ಹೇಳ್ದೆ."

"ಅವನಿಗೆ ಗೊತ್ತಾ? ಅವತ್ತಿಂದ? ಹಾಜಿಗೆ?"

"ಹಾಜಿಗೆ ಗೊತ್ತಿಲ್ಲ. ತೋಹಿರ್ ತನ್ನ ಕಾಯಿಲೆ ತಾನೇ ಹೇಳ್ಕೊಂಡ. ನಿಮ್ಮದನ್ನ ನೀವೇ ಹೇಳ್ತೀರಿ ಅಂತ ಇಬ್ರೂ ಕಾದ್ವಿ. ಅಮ್ಮ ಎಲ್ಲಾ ಹೇಳಿದ್ರು. ನಿನ್ನೆ ನೀವು ಮುಚ್ಚಿಡಬಾರದಿತ್ತು ಅಂದಾಗ ಅವನು ಬಾಯಿ ಬಿಡಬಹುದಿತ್ತು ದಾದಾ. ಬಿಡಲಿಲ್ಲ."

ಎದ್ದು ಅಂಗಡಿಗೆ ಬಂದೆ. ತೊಟ್ಟಿಲುಗಳ ನಡುವೆ ಕೂತಿದ್ದೇನೆ. ಮೊಮ್ಮಗುವಿಗೆ ತೊಟ್ಟಿಲು ಒಯ್ಯಲು ಬಂದ ಅಜ್ಜಿಯೊಬ್ಬಳಿಗೆ ಅಂಗಡಿ ಮುಚ್ಚಿದೆ ಅಂದೆ, ಬಾಗಿಲು ತೆರೆದೇ ಇತ್ತು.

ಅಕ್ಟೋಬರ್ 16

ಎಲ್ಲವನ್ನೂ ಮುಕದ್ದಸ್ ಅಕ್ಕನಿಗೆ ಹೇಳಿದೆ. ಹುಡುಗನ ಕಾಯಿಲೆಯನ್ನು ಹೇಳುವಾಗ ನನ್ನ ದನಿ ಮತ್ತೆ ಏರಿತು. ಅವಳು ಕೊಳವೆ ಇದ್ದ ಕತ್ತನ್ನು ನಿಧಾನವಾಗಿ ತಿರುಗಿಸಿದಳು.

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ತಟ್ಟೇಲಿ ನೊಣ ಹುಡುಕಿದನಂತೆ."

"ನಾನು ತಂದೆ ಅಕ್ಕ. ಹೆದರಿಕೆ ಆಗಲ್ವಾ? ಅವಳ ಕಣ್ಣೆದುರಿಗೇ ಅವನು ಬಿದ್ದು ಒದ್ದಾಡಿದ್ರೆ?"

"ಹೆದರಿಕೆ ಆಗತ್ತೆ. ನೀವು ಇಲ್ಲಿ ಬಂದ ಮೊದಲ ದಿನ ನಿಮ್ಮನ್ನ ನೋಡಿ ನಂಗೂ ಆಯ್ತು. ಗೊತ್ತಿಲ್ಲದ್ದಕ್ಕೆ ಹೆದರೋ ಬದಲು ಗೊತ್ತಿರೋರನ್ನ ಕೇಳಿ."

ಗನಿಜಾನ್ ಎದುರಿನಿಂದ ಕೂಗಿದ: "ನನ್ನ ತಮ್ಮಂಗಿದೆಯಲ್ರೀ ಅದು! ಮೂರು ಮಕ್ಕಳ ತಂದೆ. ಡ್ರೈವಿಂಗ್ ಒಂದು ಬಿಟ್ಟು ಎಲ್ಲಾ ಮಾಡ್ತಾನೆ. ಅದೂ ಒಳ್ಳೇದೇ ಆಯ್ತು, ನನ್ನ ಬಸ್ ಅವನಿಗೆ ಹೋಗ್ಲಿಲ್ಲ." ಅಲ್ಲೇ ಫೋನ್ ಹಚ್ಚಿ ನನ್ನ ಬಲಗೈಗೆ ಕೊಡಿಸಿದ.

ಆ ತಮ್ಮನ ಹತ್ತಿರ ಏನೇನು ಕೇಳಿದೆನೋ. ಬರುವ ಮುಂಚೆ ತಿಳಿಯುತ್ತದೆಯೇ, ಮಗುವನ್ನು ಎತ್ತಿಕೊಳ್ಳಲು ಭಯವಿಲ್ಲವೇ, ನಿದ್ದೆಗೆಟ್ಟರೆ ಏನು. ನೆಲದ ಮೇಲೆ ಕೂತು ಮಗುವನ್ನು ಎತ್ತಿಕೊಳ್ಳುತ್ತಾನಂತೆ. ಸ್ನಾನದ ಮನೆಗೆ ಚಿಲಕ ಹಾಕುವುದಿಲ್ಲವಂತೆ. ಹೆಂಡತಿ ಜೊತೆಗೇ ಮಾತಾಡಿ ಅಂತ ಅವಳಿಗೂ ಫೋನ್ ಕೊಟ್ಟ. ಮೊದಲನೇ ಸಲ ನೋಡಿದಾಗ ಅವಳು ಬೀದಿಗೆ ಓಡಿಹೋಗಿದ್ದಳಂತೆ. "ಈಗ ತಲೆ ಕೆಳಗೆ ದಿಂಬು ಇಟ್ಟು ಗಡಿಯಾರ ನೋಡ್ತಾ ಕೂರ್ತೀನಿ ಅಣ್ಣ. ಹೆದರಿಕೆ ಹೋಗಿಲ್ಲ. ಕೈಗೆ ಕೆಲಸ ಗೊತ್ತಾಗಿದೆ ಅಷ್ಟೆ."

ಯಂತ್ರ ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಲೋಲಾ ಸೂಜಿ ತೆಗೆದದ್ದೂ ಗಮನಕ್ಕೆ ಬರಲಿಲ್ಲ.

ಅಕ್ಟೋಬರ್ 20

ಒಬ್ಬನೇ ರಿಶ್ತಾನ್‌ಗೆ ಹೋದೆ. ಬಸ್ಸಿನಲ್ಲಿ ಎರಡು ಸಲ ಇಳಿದುಬಿಡೋಣ ಅನಿಸಿತು.

ಹಾಜಿ ಅಂಗಳದಲ್ಲಿ ತಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದ. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದ. ಜಗಲಿ ಹತ್ತಿ ಕೂರುವ ಮೊದಲೇ ಅಂಗಿಯ ತೋಳು ಮೇಲೆ ಸರಿಸಿ ಕೈ ಚಾಚಿದೆ. ಸೂಜಿ ಗುರುತುಗಳು, ಉಬ್ಬಿದ ನರ. ಹಾಜಿಗೆ ಅರ್ಥವಾಗಲಿಲ್ಲ.

"ಮುಟ್ಟಿ ನೋಡಿ."

ಮುಟ್ಟಿದ. "ಇದೇನು, ಒಳಗೆ ಜೇನು ಕಟ್ಟಿದೆಯಲ್ಲ!"

ಹೇಳಿದೆ. ಕಿಡ್ನಿ, ಯಂತ್ರ, ಮರ ತರುವ ಸುಳ್ಳು, ಅವನ ಮನೆಯ ಚಹಾ, ಆ ಬೆಳಗಿನ ಜಾವ. ಅವತ್ತು ನಾನು ಪಿಯಾಲೆ ತುಂಬಿಸಿ ಅಂದದ್ದು ಯಾಕೆ ಅಂತ. ಆಮೇಲೆ ನ್ಯಾಯ ಹೇಳಿ ಎದ್ದು ಬಂದದ್ದಕ್ಕೆ ತಲೆ ತಗ್ಗಿಸಿ ಕ್ಷಮೆ ಕೇಳಿದೆ.

ಹಾಜಿ ಬಹಳ ಹೊತ್ತು ನನ್ನ ಕೈ ಬಿಡಲೇ ಇಲ್ಲ. "ನಾನು ಕೂತು ಕೂತು ನಿಮ್ಮನ್ನ ಮುಳುಗಿಸ್ತಿದ್ನಲ್ಲ ಬೀಗರೇ," ಅಂದ. "ಮೊದಲನೇ ಊಟದ ದಿನ ನೀವು ಹೋದ್ಮೇಲೆ ಹುರಿಯತ್ ಹತ್ರ ಹೇಳ್ದೆ, ಎಂಥಾ ಸಜ್ಜನ, ಒಂದು ಸಲಾನೂ ಬೇಡ ಅನ್ನಲಿಲ್ಲ ಅಂತ." ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡ. ನನಗೂ ಅಳು ಬಂತು.

ಹುರಿಯತ್ ಬಂದಳು, ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು: "ಇದು ಮಕ್ಕಳಿಗೆ ಬರತ್ತಾ?"

"ನನ್ನದು ಬಿಪಿಯಿಂದ ಬಂದದ್ದು, ರೋಬಿಯಾದು ಎಲ್ಲಾ ಪರೀಕ್ಷೆ ಮಾಡಿಸಿದ್ದೀವಿ, ಚೆನ್ನಾಗಿದೆ ಅಂದಿದ್ದಾರೆ. ಮುಂದಿಂದು ಗೊತ್ತಿಲ್ಲ ತಂಗಿ," ಅಂದೆ. "ನಿಮ್ಮ ಮಗನದು?"

"ಅದೂ ಗೊತ್ತಿಲ್ಲ," ಅಂದಳು.

ಹುರಿಯತ್ ಒಳಗೆ ಹೋಗಿ ರೊಟ್ಟಿ ತಂದಳು. ಶಾಸ್ತ್ರಕ್ಕೆ ಹಿರಿಯರೆಲ್ಲ ಇರಬೇಕು, ಎರಡೂ ಕಡೆಯ ಬಳಗ ಇರಬೇಕು. ಹಾಜಿ ರೊಟ್ಟಿ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದ. ನಾನು ಇನ್ನೊಂದು ತುದಿ ಹಿಡಿದೆ. ಮುರಿದೆವು.

ತೋಹಿರ್ ಬಸ್ ನಿಲ್ದಾಣದವರೆಗೂ ಬಂದ. ಗನಿಜಾನ್‌ನ ತಮ್ಮ ಹೇಳಿದ್ದೆಲ್ಲ ತಲೆಯಲ್ಲಿತ್ತು, ಆದರೂ ಅವನ ಬಾಯಿಂದಲೇ ಕೇಳಬೇಕು ಅನಿಸಿತು.

"ನಿಂಗೆ ಅದು ಬಂದಾಗ ನಾನು ಹತ್ರ ಇದ್ರೆ ಏನು ಮಾಡ್ಬೇಕಪ್ಪಾ?"

"ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಅದುಮಿ ಹಿಡೀಬೇಡಿ. ಬಾಯಿಗೆ ಚಮಚ ಗಿಮಚ ಹಾಕ್ಬೇಡಿ. ಐದು ನಿಮಿಷದೊಳಗೆ ನಿಲ್ಲದಿದ್ರೆ ಆಂಬುಲೆನ್ಸ್ ಕರೀರಿ. ನಿಂತ್ರೆ, ಎಚ್ಚರ ಆದಾಗ ಎಲ್ಲಿದ್ದೀನಿ ಅಂತ ಹೇಳಿ. ಅದೊಂದು ಗೊತ್ತಾಗಲ್ಲ, ಭಯ ಆಗತ್ತೆ." ಆಮೇಲೆ ಕೇಳಿದ: "ನಿಮಗೆ ನಾನೇನು ಮಾಡ್ಲಿ ದಾದಾ?"

ಏನೂ ಬೇಡ ಅನ್ನಲು ಹೊರಟೆ. ಬಸ್ ಬರುವುದು ಕಾಣುತ್ತಿತ್ತು.

"ಆಸ್ಪತ್ರೆಗೆ ಹೋಗೋ ದಾರೀಲಿ ನಂಗೆ ತುಂಬಾ ಹೆದರಿಕೆ ಆಗತ್ತೆ," ಅಂದೆ. "ಇವತ್ತಿಗೂ. ಪ್ರತಿ ಸಲಾನೂ. ಒಬ್ಬನೇ ಹೋಗಕ್ಕಾಗಲ್ಲ."

ನಾಳೆ ಯಂತ್ರದ ದಿನ. ತೋಹಿರ್ ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತಾನಂತೆ.